ವೈರಸ್ಸಿನ ಕಿಣ್ವಕ್ಕೆ ಪ್ರತಿಬಂಧಕಗಳು: ಒಂದು ವಿಮರ್ಶೆ

ವೈರಸ್ಸಿನ ಕಿಣ್ವವನ್ನು ತಡೆಯಬಲ್ಲ ಕಿರು ಅಣುಗಳನ್ನು ಗಣಕಯಂತ್ರದಿಂದ ಗುರುತಿಸಿದೆವೆಂಬ ಪ್ರಬಂಧಗಳು ೨೦೨೦ರ ಮಹಾಮಾರಿಯ ತರುವಾಯ ಹೇರಳವಾಗಿ ಹೊರಬಂದಿವೆ. ಅವುಗಳ ಗುಣದೋಷಗಳನ್ನು ವಿವೇಚಿಸುವುದು ಇಲ್ಲಿ ನಮ್ಮ ಉದ್ದೇಶ.

ಮಂಗಳೂರಿನವರಿಗೆ ಇದು ದೂರದ ವಿಷಯವಲ್ಲ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ, ೧೯೮೨–೮೩ರಲ್ಲಿ ನಮ್ಮ ಬೆಳ್ತಂಗಡಿ ತಾಲೂಕಿನಲ್ಲಿಯೂ ಕಾಣಿಸಿಕೊಂಡು ಅನೇಕರನ್ನು ಬಲಿತೆಗೆದುಕೊಂಡಿತು. ಉಣುಗಿನ ಕಡಿತದಿಂದ ತಗಲುವ ಈ ಜ್ವರಕ್ಕೆ ಇಂದಿಗೂ ನಿರ್ದಿಷ್ಟವಾದ ಔಷಧವಿಲ್ಲ.

ಈ ವೈರಸ್ಸು ಡೆಂಗಿಯ ವೈರಸ್ಸಿನ ಬಳಗಕ್ಕೆ ಸೇರಿದುದು. ಈ ಬಳಗದ ಪ್ರೋಟೀನುಗಳೆಲ್ಲವೂ ಮೊದಲು ಒಂದೇ ಉದ್ದನೆಯ ಸರಪಳಿಯಾಗಿ ಸಿದ್ಧವಾಗುತ್ತವೆ. ಪ್ರೋಟಿಯೇಸ್ ಎಂಬ ಕಿಣ್ವವು ಆ ಸರಪಳಿಯನ್ನು ತಕ್ಕ ಎಡೆಗಳಲ್ಲಿ ಕತ್ತರಿಸಿದ ಹೊರತು ಹೊಸ ವೈರಸ್ಸು ರೂಪುಗೊಳ್ಳದು. ಕತ್ತರಿಯ ಬಾಯಿಗೆ ಅಡ್ಡಲಾಗಿ ಕೂರುವ ಅಣುವೇ ಪ್ರತಿಬಂಧಕ. ತತ್ತ್ವ ನಿರ್ದುಷ್ಟವಾದುದು, ಫಲವನ್ನೂ ಕೊಟ್ಟಿದೆ. ಎಚ್‌ಐವಿ ಪ್ರೋಟಿಯೇಸಿನ ರಚನೆ ೧೯೮೯ರಲ್ಲಿ ಪ್ರಕಟವಾಯಿತು. ಅದನ್ನು ತಡೆಯುವ ಸಾಕ್ವಿನಾವಿರ್ ೧೯೯೫ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು. ಆದರೆ ಅಂತಹ ಔಷಧಗಳು ಕೇವಲ ಗಣನೆಯಿಂದ ಹುಟ್ಟಿದವಲ್ಲ. ಅಣುವನ್ನು ತಯಾರಿಸಿ, ಕಿಣ್ವದ ಮೇಲೆ ಅಳೆದು, ಮತ್ತೆ ಮತ್ತೆ ತಿದ್ದಿದುದರ ಫಲಗಳು.

ನಮ್ಮ ಆಕ್ಷೇಪ ಇರುವುದು ಇಲ್ಲಿಯೇ. ಗಣಕವು ಕೊಡುವ ಬಂಧನದ ಅಂಕವನ್ನೇ ಅನೇಕರು ಫಲಿತಾಂಶವೆಂದು ಸಾರುತ್ತಾರೆ. ಆ ಲೆಕ್ಕವು ಸಾಮಾನ್ಯವಾಗಿ ಕಿಣ್ವವನ್ನು ಅಲುಗದ ವಸ್ತುವೆಂದೇ ಭಾವಿಸುತ್ತದೆ. ಸುತ್ತಣ ನೀರನ್ನು ಸ್ಥೂಲವಾಗಿ ಮಾತ್ರ ಗಣಿಸುತ್ತದೆ. ಇದಲ್ಲದೆ, ಡೆಂಗಿ ಬಳಗದ ಪ್ರೋಟಿಯೇಸಿನ ಕುಳಿ ಆಳವಿಲ್ಲದುದು. ಅದು ಲೈಸಿನ್, ಆರ್ಜಿನಿನ್‌ಗಳಂತಹ ಧನವಿದ್ಯುದಂಶವುಳ್ಳ ಘಟಕಗಳನ್ನು ಬಯಸುತ್ತದೆ. ಅಂತಹ ವಿದ್ಯುದಂಶವಿರುವ ಅಣುವು ಕುಳಿಯಲ್ಲಿ ಚೆನ್ನಾಗಿ ಕೂತರೂ ಜೀವಕೋಶದ ಪೊರೆಯನ್ನು ಸುಲಭವಾಗಿ ದಾಟಲಾರದು. ಒಳಗೆ ಹೋಗದ ಔಷಧದಿಂದ ಪ್ರಯೋಜನವೇನು? ಅಂಕವು ಇದನ್ನು ಹೇಳುವುದಿಲ್ಲ. ಅಂಕವೆಂಬುದು ಊಹೆ, ಊಹೆಯನ್ನು ನಿರ್ಣಯವೆನ್ನಲಾಗದು.

ಮಂಗನ ಕಾಯಿಲೆಯ ವೈರಸ್ಸನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿ ಬೆಳೆಸಲಾಗದೆಂಬ ಸಮಾಧಾನವನ್ನು ಕೆಲವರು ಹೇಳಬಹುದು. ಮಾತು ದಿಟ, ಅದಕ್ಕೆ ಉನ್ನತ ಜೈವಿಕ ಸುರಕ್ಷೆ ಬೇಕು. ಆದರೆ ಪ್ರೋಟಿಯೇಸ್ ಒಂದರಿಂದಲೇ ಸೋಂಕು ತಗಲದು. ಈ ಬಳಗದ ಪ್ರೋಟಿಯೇಸುಗಳನ್ನು ನಿರಪಾಯಕಾರಿ ಬ್ಯಾಕ್ಟೀರಿಯಗಳಲ್ಲಿ ತಯಾರಿಸಿ, ಕತ್ತರಿಸಿದೊಡನೆ ಹೊಳೆಯುವ ಪೆಪ್ಟೈಡಿನೊಡನೆ ಬೆರೆಸಿ, ಆ ಹೊಳಪು ಪ್ರತಿಬಂಧಕದಿಂದ ಎಷ್ಟು ಕುಗ್ಗುವುದೆಂದು ಅಳೆಯುವ ಕ್ರಮ ರೂಢಿಯಲ್ಲಿದೆ. ಸಾಧಾರಣ ಜೀವರಸಾಯನ ವಿಭಾಗಕ್ಕೂ ಇದು ಅಸಾಧ್ಯವಲ್ಲ.

ಆದುದರಿಂದ ನೂರು ಅಣುಗಳ ಅಂಕಪಟ್ಟಿಗಿಂತ, ಅಳೆದು ನೋಡಿದ ಮೂರು ಅಣುಗಳ ವರದಿ ಮೇಲು. ಮೂರೂ ಸೋತರೆ ಆ ಸೋಲನ್ನೂ ಪ್ರಕಟಿಸತಕ್ಕದ್ದು. ಮುಂದಿನವರಿಗೆ ಅಷ್ಟು ಶ್ರಮ ಉಳಿಯುವುದು.