ಬದುವಿನ ಕಳೆ, ಮನೆಯ ಹೂದಾನಿ

ಕಾರ್ತಿಕದ ಹೊತ್ತಿಗೆ ಬಯಲುಸೀಮೆಯ ರಾಗಿ ಹೊಲಗಳ ಬದುವಿನಲ್ಲಿ ಅಣ್ಣೆ ಸೊಪ್ಪು ತೆನೆ ಎತ್ತಿ ನಿಂತಿರುತ್ತದೆ. ಎಳೆಯದಾಗಿದ್ದಾಗ ಮಸ್ಸೊಪ್ಪಿಗೆ ಒದಗುವ, ಬಲಿತ ಮೇಲೆ ಕಳೆಯೆಂದು ಕಿತ್ತೆಸೆಯುವ ಗಿಡವಿದು. ನನ್ನ ಕೇಳಿದರೆ ಇದಕ್ಕೆ ಸಾಟಿಯಾದ ಒಣಹೂವು ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ. ಬಣ್ಣ ಅದ್ದಿದ ಹುಲ್ಲುಕಡ್ಡಿಗೆ ಅಂಗಡಿಯಲ್ಲಿ ದುಡ್ಡು ಸುರಿಯುವ ಮೊದಲು ಇದನ್ನು ಹತ್ತಿರದಿಂದ ನೋಡಿ.

ತೆನೆಯ ತುದಿ ನಸುಗೆಂಪು, ಕೆಳಗಿಳಿದಂತೆ ಬೆಳ್ಳಿ ಬಿಳುಪು. ಬುಡದ ಹೂ ಮೊದಲು ಅರಳುತ್ತದೆ, ಮೊದಲು ಬೆಳ್ಳಗಾಗುತ್ತದೆ. ಎಸಳುಗಳು ಗಿಡದಲ್ಲಿದ್ದಾಗಲೇ ಗರಿಗರಿಯಾಗಿರುವುದರಿಂದ ಕೊಯ್ದ ಮೇಲೂ ಮುದುಡುವುದಿಲ್ಲ. ಗುಟ್ಟೆಲ್ಲ ಇರುವುದು ಕೊಯ್ಯುವ ಹದದಲ್ಲಿ. ತೆನೆಯನ್ನು ಅಂಗೈ ಮೇಲೆ ಮೆಲ್ಲಗೆ ತಟ್ಟಿ. ಮಿರುಗುವ ಕಪ್ಪು ಬೀಜ ಬಿದ್ದರೆ ಹದ ಮೀರಿದೆ, ಅದು ಮನೆಯಲ್ಲಿ ಉದುರುತ್ತಲೇ ಇರುತ್ತದೆ. ಬೀಜ ಬೀಳದಿದ್ದರೆ, ಇಬ್ಬನಿ ಆರಿದ ಮೇಲೆ ಉದ್ದ ಕಡ್ಡಿಯ ಸಮೇತ ಕತ್ತರಿಸಿ.

ಕೆರೆಯಂಚಿನ ಆಪಿಗೂ ಇದೇ ಮಾತು. ಅದರ ಕಂದು ಕೊಂಡೆ ಪೂರ್ತಿ ಬಲಿಯುವ ಮೊದಲೇ ತರಬೇಕು, ಇಲ್ಲವಾದರೆ ಒಡೆದು ಮನೆತುಂಬ ಅರಳೆ ಹಾರುತ್ತದೆ. ಶ್ರೀಮುದ್ರೆ ಗಿಡದ ಕಾಯಿ ಮಾತ್ರ ಗಿಡದಲ್ಲೇ ಕಪ್ಪಾಗಲಿ. ಚಕ್ರದ ಹಲ್ಲಿನಂಥ ಅದರ ಅಂಚು ಆಗಲೇ ಎದ್ದು ಕಾಣುವುದು.

ಎಲೆ ಸವರಿ, ಐದಾರು ಕಡ್ಡಿಗಳ ಸಣ್ಣ ಕಟ್ಟು ಕಟ್ಟಿ, ಗಾಳಿಯಾಡುವ ಕತ್ತಲ ಕೋಣೆಯಲ್ಲಿ ಎರಡು ಮೂರು ವಾರ ತಲೆಕೆಳಗಾಗಿ ತೂಗುಹಾಕಿ. ದಾರಕ್ಕಿಂತ ರಬ್ಬರ್ ಬ್ಯಾಂಡ್ ವಾಸಿ. ಕಡ್ಡಿ ಒಣಗಿ ಸೊರಗಿದರೂ ಹಿಡಿತ ಸಡಿಲವಾಗದು. ಬಿಸಿಲು ಬೇಡವೇ ಬೇಡ. ಅಣ್ಣೆಯ ಕೆಂಪು ಬೀಟ್‌ರೂಟಿನಲ್ಲಿರುವ ಬೀಟಾಲೇನ್ ಬಳಗಕ್ಕೆ ಸೇರಿದ್ದು, ಬೆಳಕಿಗೆ ಬೇಗ ಮಾಸುತ್ತದೆ. ಜೋಡಿಸುವಾಗ ಹಿತ್ತಾಳೆ ಚೊಂಬಿಗೆ ಒಂದಷ್ಟು ಮರಳು ತುಂಬಿ. ಒಣಕಡ್ಡಿಗೆ ತೂಕವಿಲ್ಲ, ಮರಳು ಅದನ್ನು ನೆಟ್ಟಗೆ ನಿಲ್ಲಿಸುತ್ತದೆ. ಆಪನ್ನು ಹಿಂದೆ ಎತ್ತರಕ್ಕೆ, ಅಣ್ಣೆಯನ್ನು ನಡುವೆ ಗುಂಪಾಗಿ, ಶ್ರೀಮುದ್ರೆಯನ್ನು ಮುಂದೆ ಬಿಡಿಬಿಡಿಯಾಗಿ ಇಟ್ಟರೆ ಚೆಂದ.

ಪಾರ್ಥೇನಿಯಂ ಮುಟ್ಟಬೇಡಿ, ಚರ್ಮಕ್ಕೂ ಉಸಿರಿಗೂ ಕೆಟ್ಟದ್ದು. ಗುಲಗಂಜಿಯ ಬಳ್ಳಿ ಎಷ್ಟೇ ಅಂದವಾಗಿದ್ದರೂ ಮಕ್ಕಳಿರುವ ಮನೆಗೆ ತರಬೇಡಿ, ಅದರ ಬೀಜ ಅಗಿದರೆ ಪ್ರಾಣಕ್ಕೇ ಕುತ್ತು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಂದ ಏನನ್ನೂ ಕೊಯ್ಯುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ತಡೆಯುತ್ತದೆ. ನಮಗೆ ಕಾಡು ಬೇಕಾಗಿಯೂ ಇಲ್ಲ. ಹೊಲದವರನ್ನು ಒಂದು ಮಾತು ಕೇಳಿ, ಕಳೆ ಕೀಳುವ ದಿನ ಹೋಗಿ. ಅವರಿಗೆ ಬೇಡದ್ದರಲ್ಲೇ ನಿಮಗೆ ಬೇಕಾದ್ದೆಲ್ಲ ಸಿಗುತ್ತದೆ.