ಬಹುಮಾನ ಬಾರದವನ ಪಾಡೇನು?

2007ರ ಡಿಸೆಂಬರಿನಲ್ಲಿ ತೆರೆಕಂಡ ಅಮೀರ್ ಖಾನರ ‘ತಾರೇ ಜಮೀನ್ ಪರ್’ ಚಿತ್ರವನ್ನು ನೀವು ಮಕ್ಕಳೊಡನೆ ಕುಳಿತು ನೋಡಿರಬಹುದು, ಕಣ್ಣೊರೆಸಿಕೊಂಡಿರಲೂಬಹುದು. ಅಕ್ಷರಗಳು ಕಣ್ಣೆದುರು ಕುಣಿದು ಓದಲಾಗದೆ ತತ್ತರಿಸುವ ಪುಟ್ಟ ಬಾಲಕ ಇಶಾನನ ಕಥೆ ಅದು. ಸೋಮಾರಿಯೆಂದು ಬಗೆದ ತಂದೆ ಅವನನ್ನು ವಸತಿಶಾಲೆಗೆ ದೂಡುತ್ತಾನೆ; ಅಲ್ಲಿ ಚಿತ್ರಕಲೆಯ ಶಿಕ್ಷಕ ನಿಕುಂಭ್, ಹುಡುಗನಿಗಿರುವುದು ಡಿಸ್ಲೆಕ್ಸಿಯಾ ಎಂದು ಗುರುತಿಸುತ್ತಾನೆ. ಅಂದಿನ ಆ ಪ್ರಾಯದ ಮಕ್ಕಳು ಇಂದು ಇಪ್ಪತ್ತೈದು ದಾಟಿ ದುಡಿಯುತ್ತಿದ್ದಾರೆ. ಅವರನ್ನು ನೆನೆದು ಚಿತ್ರವನ್ನು ಮತ್ತೊಮ್ಮೆ ನೋಡಿದಾಗ ಹಳೆಯ ಮೆಚ್ಚುಗೆಯ ಜೊತೆಗೆ ಒಂದು ತಕರಾರೂ ಹುಟ್ಟಿತು.

ಮೆಚ್ಚುಗೆಗೆ ಕಾರಣಗಳಿವೆ. ಮರವನ್ನು ಕಡಿಯದೆ, ಸುತ್ತ ನಿಂತು ಬೈದೇ ಒಣಗಿಸುವ ದ್ವೀಪವಾಸಿಗಳ ಕಥೆಯನ್ನು ನಿಕುಂಭ್ ಆ ತಂದೆಗೆ ಹೇಳುವ ದೃಶ್ಯವೊಂದಿದೆ. ಅದು ಕಟ್ಟುಕಥೆಯೇ ಇರಲಿ, ಹೆತ್ತವರ ಎದೆಗೆ ನಾಟುತ್ತದೆ. ಆದರೆ ಇಶಾನ್ ಎಲ್ಲರ ಮನ ಗೆಲ್ಲುವುದು ಚಿತ್ರಕಲಾ ಸ್ಪರ್ಧೆಯಲ್ಲಿ ಬಹುಮಾನ ಪಡೆದು. ತರಗತಿಗೆ ಧೈರ್ಯ ತುಂಬಲು ಶಿಕ್ಷಕ ಹೆಸರಿಸುವವರೂ ಐನ್‌ಸ್ಟೀನ್, ಲಿಯೊನಾರ್ಡೊನಂಥ ಮಹಾಪುರುಷರೇ. ಕೊರತೆಗೆ ಪ್ರತಿಯಾಗಿ ಪ್ರತಿಭೆಯನ್ನು ತೂಗಿ ಕೊಟ್ಟರೆ ಮಾತ್ರ ಕರುಣೆ ದೊರೆಯುವುದೆ?

ರಾಯಚೂರಿನಿಂದ ದಿನವೂ ದೇವದುರ್ಗಕ್ಕೆ ಬಸ್ಸಿನಲ್ಲಿ ಹೋಗಿಬರುವ ಗುಮಾಸ್ತನೊಬ್ಬನನ್ನು ಊಹಿಸಿಕೊಳ್ಳಿ. ಅವನಿಗೆ ಕುಂಚ ಹಿಡಿಯಲು ಬಾರದು. ಅವನ ಕಡತದಲ್ಲಿ 69 ಎಂಬುದು 96 ಆಗುತ್ತದೆ, ‘ಪ’ ಇದ್ದಲ್ಲಿ ‘ಷ’ ಬಂದು ಕೂರುತ್ತದೆ. “ಇಷ್ಟ್ ವರ್ಷ ಆತು, ಇನ್ನಾ ಒಂದ್ ಪತ್ರ ನೆಟ್ಟಗ ಬರಿಯಾಕ ಬರಂಗಿಲ್ಲೇನಪಾ?” ಎಂಬ ಮಾತಿಗೆ ಅಂಜಿ, ಎಲ್ಲರೂ ಹೋದ ಮೇಲೆ ಕುಳಿತು ಪ್ರತಿ ಸಾಲನ್ನೂ ಮೂರು ಬಾರಿ ನೋಡುತ್ತಾನೆ. ಅವನನ್ನು ದಣಿಸುವುದು ಕೆಲಸಕ್ಕಿಂತ ಹೆಚ್ಚಾಗಿ ಕೆಲಸದ ಕಷ್ಟವನ್ನು ಬಚ್ಚಿಡುವ ಕೆಲಸ. ಕಡೆಗೊಂದು ದಿನ ಬೆಳಿಗ್ಗೆ ಏಳಲೂ ಮನಸ್ಸಾಗದು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಬರ್ನ್‌ಔಟ್ ಎಂಬ ಈ ಬಳಲಿಕೆಯನ್ನು ರೋಗವೆಂದು ಕರೆಯದೆ, ದುಡಿಮೆಯ ಸ್ಥಳದ ನಿಭಾಯಿಸದ ಒತ್ತಡದಿಂದ ಹುಟ್ಟುವ ಸ್ಥಿತಿಯೆಂದಿತು. ಹಾಗಾದರೆ ಮದ್ದು ಅವನಿಗಷ್ಟೇ ಸಾಲದು, ಕಚೇರಿಗೂ ಬೇಕು.

ಚಿತ್ರಕ್ಕೆ ಇದು ತಿಳಿಯದ್ದೇನಲ್ಲ. ‘ಜಮೇ ರಹೋ’ ಹಾಡಿನಲ್ಲಿ ಮನೆಮಂದಿಯೆಲ್ಲ ಬೆಳಗಾದೊಡನೆ ಯಂತ್ರಗಳಂತೆ ಓಡುತ್ತಾರೆ. ಅಲ್ಲಿ ತಂದೆಯೂ ಗಾಣದೆತ್ತೇ. ಹಾಡು ಮುಗಿದ ಮೇಲೆ ಚಿತ್ರ ಅವನ ದಣಿವನ್ನು ಮರೆತು, ತಪ್ಪಿತಸ್ಥನಂತೆ ಮಾತ್ರ ನಿಲ್ಲಿಸುತ್ತದೆ. ನಿಕುಂಭ್ ಸ್ವತಃ ಬಾಲ್ಯದಲ್ಲಿ ಇದೇ ಕಷ್ಟ ಉಂಡವನು. ದೊಡ್ಡವನಾಗಿ ಶಾಲೆಯ ದಾಖಲೆಗಳನ್ನು ಹೇಗೆ ಬರೆಯುತ್ತಾನೆ? ಒಂದು ದೃಶ್ಯವೂ ಇಲ್ಲ.

ಕಾನೂನು ಈ ವಿಷಯದಲ್ಲಿ ಸಿನಿಮಾಕ್ಕಿಂತ ಮುಂದಿದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಆಟಿಸಂ ಅನ್ನೂ 21 ವಿಧಗಳಲ್ಲಿ ಎಣಿಸಿದೆ. ಸರ್ಕಾರಿ ಕಚೇರಿಗಳು ಇಂಥ ನೌಕರರಿಗೆ ಸೂಕ್ತ ಅನುಕೂಲ ಒದಗಿಸಬೇಕೆಂದಿದೆ. ಬಾಯಿಮಾತಿನ ಸೂಚನೆ, ಗದ್ದಲವಿಲ್ಲದ ಮೂಲೆ, ತುಸು ಹೆಚ್ಚು ಸಮಯ: ಹೆಚ್ಚಿನವಕ್ಕೆ ಹಣವೂ ಬೇಡ. ಆದರೆ ಕೇಳಬೇಕಾದರೆ ಮೊದಲು ಹೇಳಿಕೊಳ್ಳಬೇಕು; ಮನೆಯಲ್ಲಿಯೇ “ದಡ್ಡ” ಎನಿಸಿಕೊಂಡು ಬೆಳೆದವನು ಹೊರಗೆ ಬಾಯಿಬಿಟ್ಟಾನೆ?

ಕೊನೆಯ ದೃಶ್ಯದಲ್ಲಿ ಶಿಕ್ಷಕ ಇಶಾನನನ್ನು ಮೇಲಕ್ಕೆ ಎಸೆಯುತ್ತಾನೆ. ಹುಡುಗ ಗಾಳಿಯಲ್ಲಿರುವಾಗಲೇ ಚಿತ್ರ ನಿಂತುಬಿಡುತ್ತದೆ. ಕೆಳಗಿಳಿದ ಅವನು ಇಂದು ಮಾನ್ವಿಯ ಯಾವುದೋ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿರಬಹುದು, ರಸೀದಿಯನ್ನು ಮೂರನೆಯ ಬಾರಿ ಓದುತ್ತ.