ಮನೋಮುಕುರವೂ ಪ್ರತಿಬಿಂಬ ನರಕೋಶವೂ

ರಸಾನುಭವದ ಮರ್ಮವು ಮಿದುಳಿನಲ್ಲಿಯೇ ದೊರೆಯಿತೆಂಬ ಮಾತು ಈಚೆಗೆ ಸಾಹಿತ್ಯಗೋಷ್ಠಿಗಳಲ್ಲಿ ಕೇಳಿಬರುತ್ತಿದೆ. ಇಟಲಿಯ ಪಾರ್ಮಾ ನಗರದ ರಿಟ್ಸೊಲಾಟಿಯೂ ಅವನ ಸಂಗಡಿಗರೂ ಕೋತಿಗಳ ಮಿದುಳಿನಲ್ಲಿ ಕಂಡು 1992ರಲ್ಲಿ ಪ್ರಕಟಿಸಿದ ಕೆಲವು ನರಕೋಶಗಳು, ಪ್ರಾಣಿಯು ತಾನು ವಸ್ತುವನ್ನು ಹಿಡಿದಾಗಲೂ ಇನ್ನೊಬ್ಬರು ಹಿಡಿಯುವುದನ್ನು ನೋಡಿದಾಗಲೂ ಚೇತನಗೊಳ್ಳುತ್ತವೆ. ಈ ಪ್ರತಿಬಿಂಬ ನರಕೋಶಗಳೇ, ಎಂದರೆ ಮಿರರ್ ನ್ಯೂರಾನುಗಳೇ, ಸಹೃದಯತ್ವದ ಮೂಲವೆಂದು ಕೆಲವರ ವಾದ. ವಾದವು ರಮ್ಯವಾದರೂ ಪರೀಕ್ಷೆಗೆ ನಿಲ್ಲಲಾರದು.

ನಟನು ಅನುಕರಿಸಿದ ಸ್ಥಾಯಿಯೇ ರಸವೆಂಬ ಶ್ರೀಶಂಕುಕನ ಮತವನ್ನು ಅಭಿನವಗುಪ್ತನು ಸಾವಿರ ವರ್ಷಗಳ ಹಿಂದೆಯೇ ನಿರಾಕರಿಸಿದನು. ಈ ವಿಚಾರಪರಂಪರೆಯನ್ನು 'ಭಾರತೀಯ ಕಾವ್ಯಮೀಮಾಂಸೆ'ಯಲ್ಲಿ (1953) ಕನ್ನಡಿಗರಿಗೆ ವಿಶದಪಡಿಸಿದ ತೀ. ನಂ. ಶ್ರೀಕಂಠಯ್ಯನವರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಅಭಿನವನೂ ಸಹೃದಯನ ಮನಸ್ಸನ್ನು ಕನ್ನಡಿಯೆಂದೇ ಕರೆದಿದ್ದಾನೆ, ನಿಜ. ಆದರೆ ಅದು ಹುಟ್ಟಿನಿಂದ ಹೊಳೆಯುವ ಕನ್ನಡಿಯಲ್ಲ, ಕಾವ್ಯಾಭ್ಯಾಸದಿಂದ ನಿರ್ಮಲವಾಗುವ ಮುಕುರ. ಹೋಲಿಕೆಯ ಸಾರವಿರುವುದು ಬಿಂಬದಲ್ಲಲ್ಲ, ಅಭ್ಯಾಸದಲ್ಲಿ.

ವಿಜ್ಞಾನವೂ ಈ ಕಡೆಗೇ ಬೆರಳು ತೋರುತ್ತದೆ. 2005ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ನರ್ತಕರು ತಾವು ಕಲಿತ ನೃತ್ಯವನ್ನು ನೋಡುವಾಗ ಅವರ ಮಿದುಳಿನ ಚಲನಸಂಬಂಧವಾದ ಭಾಗಗಳು, ಕಲಿಯದ ನೃತ್ಯವನ್ನು ನೋಡುವಾಗಿಗಿಂತ ಹೆಚ್ಚು ಜಾಗೃತವಾದುವು. ಪಾರ್ಶ್ವವಾಯು ಪೀಡಿತರಿಗೆ ಪರರ ಕ್ರಿಯೆಯನ್ನು ತೋರಿಸಿ, ಬಳಿಕ ಅದನ್ನೇ ಮಾಡಿಸುವ ಚಿಕಿತ್ಸೆಯಲ್ಲಿ ಇದನ್ನು ಮರೆಯಲಾಗದು. ತಿಪಟೂರು, ತುರುವೇಕೆರೆಗಳ ಸೀಮೆಯಲ್ಲಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಇಳಿಸಿ, ಮಟ್ಟೆ ಸುಲಿದು, ಒಳಗಿನ ಉಂಡೆಕೊಬ್ಬರಿ ಒಡೆಯದಂತೆ ಕರಟ ಬಿಡಿಸುತ್ತ ಬಾಳಿದವನ ಕೈ ಸೋತಿದ್ದರೆ, ಅವನಿಗೆ ಪರದೇಶದ ಚಿತ್ರದಲ್ಲಿನ ಪಿಯಾನೋವಾದನವನ್ನು ತೋರಿಸುವುದಕ್ಕಿಂತ ಆ ಸುಲಿಗೆಯನ್ನೇ ತೋರಿಸುವುದು ಯುಕ್ತವೆಂದು ನಮಗೆ ತೋರುತ್ತದೆ. ಅವನು ಆ ಕಾವ್ಯದ ಸಹೃದಯ.

ಸಾಮ್ಯವು ಇಲ್ಲಿಗೆ ಮುಗಿಯಿತು. ಸ್ವಸ್ಥವಾದ ಕೈಯ ಬಿಂಬವನ್ನು ಸೋತ ಕೈಯ ಸ್ಥಾನದಲ್ಲಿ ಕಾಣಿಸುವ ಕನ್ನಡಿ ಚಿಕಿತ್ಸೆಯನ್ನು ಪಾರ್ಶ್ವವಾಯುವಿಗೆ ಪ್ರಯೋಗಿಸಿದ ವರದಿ 1999ರಲ್ಲಿ ಬಂದಿತು. ರಾಮಚಂದ್ರನ್ ಅದರ ಸಹಲೇಖಕರಲ್ಲೊಬ್ಬರು. 62 ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಮರ್ಶೆಯು ಇದರಿಂದ ಚಲನಶಕ್ತಿ ಸುಧಾರಿಸುವುದೆಂದು ಕಂಡಿತು. ಆದರೆ ಫಲ ದೊರೆತ ಮಾತ್ರಕ್ಕೆ ಅದರ ಕಾರಣ ಪ್ರತಿಬಿಂಬ ನರಕೋಶವೇ ಎಂದು ಸಿದ್ಧವಾಗುವುದಿಲ್ಲ. ಇನ್ನೂ ಒಂದು ಭೇದವುಂಟು: ರಸಿಕನು ನಾಟಕವನ್ನು ಕಂಡು ಆಸನದಲ್ಲಿಯೇ ಕೃತಾರ್ಥನಾಗುತ್ತಾನೆ; ರೋಗಿಯ ಕೈ ಕೊನೆಗೆ ತಾನೇ ಕಾಯಿಯನ್ನು ಹಿಡಿಯಬೇಕು. ಬರಿಯ ನೋಟದಿಂದ ಕಾಯಿಲೆ ವಾಸಿಯಾಗುವುದೆಂದು ನಂಬಿ ಕೈಯ ಸಾಧನೆಯನ್ನು ಬಿಟ್ಟವನಿಗೆ ನಷ್ಟವಾಗುವುದು ತರ್ಕವಲ್ಲ, ಬಾಳುವೆ. ಹೋಲಿಕೆಯನ್ನು ಸಿದ್ಧಾಂತವೆಂದು ಬೋಧಿಸುವ ಅಧ್ಯಾಪಕರು ಇದನ್ನು ನೆನೆಯಬೇಕು.